ಓದಿ ಹೇಳದ ರಾಜೀನಾಮೆ

ನನ್ನ ರಾಜೀನಾಮೆ ಪತ್ರ ಎಷ್ಟು ವಿನಯದ್ದಾಗಿತ್ತೆಂದರೆ, ಮೊದಲ ಪುಟ ಮಾತ್ರ ಓದಿದವರು ನಾನು ಸಾಯುವ ತನಕ ಅದೇ ಹಂಚಿನ ಕಾರ್ಖಾನೆಯಲ್ಲಿ ಇರುವವನೆಂದೇ ತಿಳಿಯಬೇಕು. ಕೃತಜ್ಞತೆ ನಾಲ್ಕು ಸಲ ಬಂದಿತ್ತು, ಕ್ಷಮೆ ಐದು ಸಲ. ಕೆಲಸ ಬಿಡುತ್ತೇನೆ ಎಂಬ ಮಾತು ಎರಡನೆಯ ಪುಟದ ಕೊನೆಗೆ, ಮದುವೆಮನೆಗೆ ಕರೆಯದೆ ಬಂದವನ ಹಾಗೆ ಒಂದು ಮೂಲೆಯಲ್ಲಿ ನಿಂತಿತ್ತು. ಐದು ಕರಡು ಹರಿದಿದ್ದೆ. ಆರನೆಯದಕ್ಕೆ ಶಾಯಿ ಅದ್ದುತ್ತಿರುವಾಗ ಹೆಂಡತಿ ಕಾಗದವನ್ನೇ ಎಳೆದುಕೊಂಡಳು.

“ದೊರೆಗೆ ಬರೆಯುದು ದೊಡ್ಡದಲ್ಲ. ನಿಮ್ಮ ಪೊರ್ಬುಗಳಿಗೆ ಹೇಳಿದ್ರಾ?”

“ಹೇಳ್ತೇನೆ.”

“ಯಾವಾಗ? ಕಲೆಕ್ಟರ್ ಕಚೇರಿಯಲ್ಲಿ ನಿಮಗೆ ಪೆನ್ಷನ್ ಆದ ಮೇಲೆಯಾ?”

ಅವಳು ಕೇಳಿದ್ದು ಸರಿಯಾದ ಕಡೆಗೇ ತಾಗಿತು. ಕಲೆಕ್ಟರ್ ಕಚೇರಿಯ ಗುಮಾಸ್ತೆ ಕೆಲಸಕ್ಕೆ ನನಗೆ ಹುಕುಂ ಬಂದು ಎಂಟು ದಿನವಾಗಿತ್ತು. ಮುಂದಿನ ತಿಂಗಳ ಮೊದಲನೆಯ ತಾರೀಕಿಗೆ ಹಾಜರಾಗದಿದ್ದರೆ ಅದು ಪಟ್ಟಿಯಲ್ಲಿ ನನ್ನ ಕೆಳಗಿನವನ ಪಾಲು. ಸಂತೋಷಪಡಬೇಕಾದ ಆ ಎಂಟು ದಿನ ನನಗೆ ಸರಿಯಾಗಿ ಅನ್ನ ಸೇರಿರಲಿಲ್ಲ. ಕಾರಣ, ಪೊರ್ಬುಗಳು.

ಪೊರ್ಬುಗಳೆಂದರೆ ನಮ್ಮ ಹೆಡ್ ರೈಟರು. ಕಾರ್ಖಾನೆಯಲ್ಲಿ ಗುಮಾಸ್ತರಿಗೆಲ್ಲ ರೈಟರೆಂದೇ ಹೆಸರು. ಅವರು ಎಲ್ಲರಿಗಿಂತ ಮೇಲಿನವರು. ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳೆಂದು ಕರೆಯುವುದು. ಗದ್ದೆ ಕೆಲಸಕ್ಕೆ ಆಗದ, ಇಂಗ್ಲಿಷಿಗೂ ಅರ್ಧವೇ ಆದ ನನ್ನನ್ನು ಬಿಳಿಯ ಮ್ಯಾನೇಜರ್ ದೊರೆಯ ಮುಂದೆ ನಿಲ್ಲಿಸಿ, “ಈ ಹುಡುಗನಿಗೆ ನಾನು ಜವಾಬ್ದಾರ” ಎಂದು ಕೆಲಸ ಕೊಡಿಸಿದವರು ಅವರೇ.

ಅವರಿಗೆ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, “ಕನ್ನಡಕ ಮನೆಯಲ್ಲಿ ಬಾಕಿಯಾಯ್ತು ಮಾರಾಯ, ಟಪ್ಪಾಲು ನೀನೇ ಓದು” ಎಂದಿದ್ದರು. ಆ ಕನ್ನಡಕ ಎರಡು ವರ್ಷ ಕೊಡಿಯಾಲ್‌ಬೈಲಿನ ಮನೆಯಲ್ಲೇ ಬಾಕಿಯಾಯಿತು. ದಿನಾ ನಾನು ಅವರ ಎಡಗಡೆ ನಿಂತು, ನಕಲು ತಾಳೆ ನೋಡುವವನ ಹಾಗೆ ಸಣ್ಣ ಸ್ವರದಲ್ಲಿ ಕಾಗದಗಳನ್ನು ಓದುತ್ತಿದ್ದೆ. ಒಂದು ಸಲ ಕೇಳಿದ್ದನ್ನು ಅವರು ಮರೆಯುತ್ತಿರಲಿಲ್ಲ. ಉತ್ತರ ಬಾಯಲ್ಲೇ ಹೇಳಿ, ನಾನು ಬೆರಳಿಟ್ಟು ತೋರಿಸಿದಲ್ಲಿ ಎರಡಕ್ಷರದ ಚಿಕ್ಕ ಸಹಿ ಹಾಕುತ್ತಿದ್ದರು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಅಷ್ಟನ್ನು ಹೀಗೆಯೇ ದೂಡುವುದೆಂದು ಇಬ್ಬರೂ ಬಾಯಿಬಿಡದೆ ಒಪ್ಪಿಕೊಂಡಿದ್ದೆವು. ನಾನು ಹೊರಟರೆ ಮಾರನೆಯ ದಿನದ ಟಪ್ಪಾಲಿಗೇ ಅವರ ಗುಟ್ಟು ಬಯಲಾಗುತ್ತಿತ್ತು. ಕಣ್ಣು ಕಾಣದ ಹೆಡ್ ರೈಟರನ್ನು ಯಾವ ದೊರೆ ಇಟ್ಟುಕೊಂಡಾನು?

ಇದೆಲ್ಲ ಗೊತ್ತಿದ್ದೇ ನನ್ನ ಬಾಯಿ ಕಟ್ಟಿತ್ತು. ದಿನಾ ಅತ್ತಾವರದಿಂದ ನಡೆದು ಬರುವಾಗ ಇವತ್ತು ಹೇಳಿಯೇ ಬಿಡುವುದು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಕಾರ್ಖಾನೆಯ ಗೇಟು ಕಂಡ ಕೂಡಲೇ ನಾಳೆ ಎಂಬ ದಿನವೊಂದು ಇದೆಯೆಂದು ನೆನಪಾಗುತ್ತಿತ್ತು. ನಾಳೆಗಳೆಲ್ಲ ಮುಗಿದು ಒಂದು ಶನಿವಾರ ಬಂತು. ಒಂದನೆಯ ತಾರೀಕಿಗೆ ಹಾಜರಾಗಬೇಕಾದರೆ ಅಂದು ಪತ್ರ ದೊರೆಯ ಮೇಜಿಗೆ ಹೋಗಲೇಬೇಕು. ಹೆಡ್ ರೈಟರ ಸಹಿ ಇಲ್ಲದೆ ಯಾವ ಕಾಗದವೂ ಆ ಮೇಜಿಗೆ ಹೋಗುವ ಹಾಗಿರಲಿಲ್ಲ.

ನಾನು ಅದನ್ನು ಟಪ್ಪಾಲಿನ ನಡುವೆ ಇಟ್ಟೆ. ಮೇಲಿನ ನಾಲ್ಕು ಕಾಗದ ಸರಿಯಾಗಿಯೇ ಓದಿದೆ. ಐದನೆಯದು ನನ್ನದು. ಅಲ್ಲಿ ಓದು ನಿಂತಿತು.

“ಇದು ಎಂತದ್ದು? ಯಾಕೆ ನಿಂತೆ?”

“ಹಂಚಿಗೆ ಮಣ್ಣು ತರುವ ದೋಣಿಯವರದ್ದು. ಬರುದು ಸ್ವಲ್ಪ ತಡ ಆಗ್ತದಂತೆ.”

“ಅವರದ್ದು ಯಾವಾಗ್ಲೂ ಇದ್ದದ್ದೇ. ಎಲ್ಲಿ, ತೋರ್ಸು.”

ಬೆರಳಿಟ್ಟೆ. ಸಹಿ ಹಾಕಿದರು. ಒದ್ದೆ ಶಾಯಿಯ ಮೇಲೆ ಒತ್ತು ಕಾಗದವನ್ನು ನಾನೇ ಒತ್ತಿದೆ. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದೆ.

ದೊರೆಯ ಕರೆ ಹನ್ನೊಂದಕ್ಕೆ ಬಂತು, ನಮ್ಮಿಬ್ಬರಿಗೂ. ಕಾಗದ ಮೇಜಿನ ಮೇಲಿತ್ತು. ದೊರೆ ಇಂಗ್ಲಿಷಿನಲ್ಲಿ ಪೊರ್ಬುಗಳನ್ನು ಕೇಳಿದರು: “ಇವನು ಕೆಲಸ ಬಿಡುತ್ತಾನಂತೆ. ನೀವು ಒಂದು ಮಾತೂ ಬರೆಯದೆ ಸಹಿ ಹಾಕಿದ್ದೀರಿ. ನಿಮ್ಮ ಒಪ್ಪಿಗೆ ಇದೆಯೆ?”

ನನಗೆ ತಿಳಿದಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಿದರೆ, ಓದದೆ ಹೇಗೆ ಸಹಿ ಹಾಕಿದಿರಿ ಎಂಬ ಪ್ರಶ್ನೆ ಬರುತ್ತಿತ್ತು. ಅವರು ದೊರೆಯ ಸ್ವರ ಬಂದ ಕಡೆಗೆ ಮುಖ ತಿರುಗಿಸಿದರು.

“ಒಪ್ಪಿಗೆ ಉಂಟು ಸರ್. ಒಳ್ಳೆಯ ಕೆಲಸಗಾರ. ಸರಕಾರಿ ಕೆಲಸ ಸಿಕ್ಕಿದ್ದರೆ ನಾವು ತಡೆಯಬಾರದು.”

ಸರಕಾರಿ ಕೆಲಸವೆಂದು ಅವರು ಊಹಿಸಿಯೇ ಹೇಳಿದ್ದು. ನನಗೆ ಆ ಕೋಣೆಯ ನೆಲದ ಕೆಂಪು ಬಿಲ್ಲೆಗಳಲ್ಲಿ ಒಂದು ಬಾಯಿಬಿಟ್ಟರೆ ಒಳಗೆ ಇಳಿದುಹೋಗೋಣ ಎನಿಸಿತು. ಅವು ನಮ್ಮದೇ ಕಾರ್ಖಾನೆಯ ಬಿಲ್ಲೆಗಳು. ಅಷ್ಟು ಸುಲಭಕ್ಕೆ ಒಡೆಯುವಂಥವಲ್ಲ.

ಹೊರಗೆ ಜಗಲಿಗೆ ಬಂದ ಮೇಲೆ ಅವರು ಗೋಡೆಗೆ ಕೈ ಆನಿಸಿ ನಿಂತರು.

“ಮಣ್ಣಿನ ದೋಣಿ ಯಾವಾಗ ಬರ್ತದೆ ಮಾರಾಯ?”

“ಪೊರ್ಬುಗಳೇ, ನಾನು... ಹೇಳ್ಬೇಕಂತಲೇ ಇದ್ದೆ. ದಿನಾ—”

“ಹೇಳಿದ್ರೆ ನಾನು ಹೋಗ್ಬೇಡ ಅಂತಿದ್ನಾ?”

“ಇಲ್ಲ, ಇಲ್ಲ.”

“ಅಂತಿದ್ದೆ,” ಎಂದರು. “ಎರಡು ದಿನ ಅಂತಿದ್ದೆ. ನಿನ್ನ ಹತ್ರ ಸಿಟ್ಟು ಮಾಡ್ತಿದ್ದೆ, ಮಾತು ಬಿಡ್ತಿದ್ದೆ. ಮೂರನೇ ದಿನ ಹೋಗು ಅಂತಿದ್ದೆ. ಆ ಎರಡು ದಿನ ತಾಳ್ಲಿಕ್ಕೆ ನಿನ್ನಿಂದ ಆಗ್ಲಿಲ್ಲ.”

ಪತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಆ ಮಾತು ಹೇಳುವಾಗಲೇ, ಇವರೆಲ್ಲಿ ಒಪ್ಪಿಬಿಡುತ್ತಾರೋ ಎಂಬ ಭಯವೂ ಇತ್ತು. ಅವರಿಗೆ ಕಣ್ಣು ಮಾತ್ರ ಮಂಜು. ನನ್ನ ಆ ಭಯ ಗೊತ್ತಾಗದೆ ಇರಲಿಲ್ಲ.

“ಬೇಡ. ನೀನು ನಿಂತರೂ ಇನ್ನು ಎಂತ ಪ್ರಯೋಜನ? ನೀನು ಓದಿದ್ದೆಲ್ಲ ಕಾಗದದಲ್ಲಿ ಉಂಟಾ ಅಂತ ನಾನು ಯಾರ ಹತ್ರ ಕೇಳುದು?”

ಭಾನುವಾರ ಇಡೀ ದಿನ ಅವರ ಮನೆಗೆ ಹೋಗುವುದೋ ಬೇಡವೋ ಎಂದು ಅಂಗಳದಲ್ಲಿ ಮೂರು ಸಲ ಚಪ್ಪಲಿ ಹಾಕಿ ಮೂರು ಸಲ ಬಿಚ್ಚಿದೆ. “ಚಪ್ಪಲಿಗಾದ್ರೂ ಒಂದು ತೀರ್ಮಾನ ಹೇಳಿ,” ಎಂದಳು ಹೆಂಡತಿ. ಹೋಗಲಿಲ್ಲ.

ಸೋಮವಾರ ಅವರು ಎಂದಿಗಿಂತ ಮೊದಲೇ ಬಂದು ಕೂತಿದ್ದರು. ಟಪ್ಪಾಲು ಮುಟ್ಟಗೊಡಲಿಲ್ಲ. “ಒಂದು ಕಾಗದ ಬರಿ,” ಎಂದರು. ದೊರೆಗೆ, ಅವರದೇ ರಾಜೀನಾಮೆ. ಇಷ್ಟು ವರ್ಷ ಕೆಲಸ ಮಾಡಿದೆ. ಈಗ ಕಣ್ಣು ಕಾಣುವುದಿಲ್ಲ. ತಿಂಗಳ ಕೊನೆಗೆ ಬಿಡುತ್ತೇನೆ, ಅಷ್ಟರಲ್ಲಿ ಬೇರೊಬ್ಬರಿಗೆ ಕೆಲಸ ತೋರಿಸಿಕೊಡುತ್ತೇನೆ. ಮೂರೇ ಸಾಲು. ಕ್ಷಮೆಯೂ ಇಲ್ಲ, ದುಃಖವೂ ಇಲ್ಲ. ವಿನಯದ ಒಂದು ಮಾತು ನಡುವೆ ಸೇರಿಸಲೇ ಎಂದು ಕೇಳಿದೆ.

“ನಿನ್ನ ವಿನಯ ನಿನ್ನ ಹತ್ರವೇ ಇರ್ಲಿ. ನಾನು ಹೇಳಿದಷ್ಟೇ ಬರಿ.”

ಬರೆದೆ. ಒಂದು ಕಡೆ ಶಾಯಿ ಚೆಲ್ಲಿತು. ಬೇರೆ ಹಾಳೆಯಲ್ಲಿ ಮತ್ತೆ ಬರೆದೆ. ಓದಿ ಹೇಳಿದೆ, ಅಕ್ಷರ ಬಿಡದೆ. ಸಹಿ ಮಾಡುವ ಜಾಗಕ್ಕೆ ನನ್ನ ಬೆರಳು ತಾನಾಗಿ ಹೋಯಿತು. ಅವರು ಪೆನ್ನು ಎತ್ತಲಿಲ್ಲ. ಕೋಣೆಯ ಆಚೆ ತುದಿಯಲ್ಲಿ ಕೂತಿದ್ದ ಟೈಪಿಸ್ಟನನ್ನು ಕರೆದರು.

“ಇಲ್ಲಿ ಬಾ. ಇದನ್ನು ಒಮ್ಮೆ ಜೋರಾಗಿ ಓದು.”

ಟೈಪಿಸ್ಟನಿಗೆ ಅರ್ಥವಾಗಲಿಲ್ಲ. “ನಾನಾ? ಅದು ನಿಮ್ಮ ಎದುರೇ ಉಂಟಲ್ಲ ಪೊರ್ಬುಗಳೇ?”

“ನನಗೆ ಕಾಣುದಿಲ್ಲ,” ಎಂದರು ಅವರು. ಎರಡು ವರ್ಷ ನಾವಿಬ್ಬರೂ ಸೇರಿ ಮುಚ್ಚಿಟ್ಟ ಮಾತನ್ನು, ಎಲ್ಲ ರೈಟರುಗಳೂ ತಲೆ ಎತ್ತುವ ಹಾಗೆ, ಸಾದಾ ಸ್ವರದಲ್ಲಿ. “ಓದು ನೀನು.”

ಅವನು ಓದಿದ. ಮೂರು ಸಾಲೂ ಅವರು ಹೇಳಿದ ಹಾಗೆಯೇ ಇದ್ದವು. ನಾನು ಪಕ್ಕದಲ್ಲೇ ನಿಂತು, ನಾನೇ ಬರೆದ ಅಕ್ಷರಗಳು ಇನ್ನೊಬ್ಬನ ಬಾಯಲ್ಲಿ ಎಲ್ಲಿ ಬೇರೆಯಾಗಿ ಕೇಳಿಸುತ್ತವೋ ಎಂದು ಬೆವರಿದೆ.

“ಸರಿ ಉಂಟು,” ಎಂದು ಪೊರ್ಬುಗಳು ಟೈಪಿಸ್ಟನಿಗೆ ಹೇಳಿದರು. “ಸಹಿ ಎಲ್ಲಿ, ತೋರ್ಸು.”

ನಾನು ಕೈ ಹಿಂದಕ್ಕೆ ತೆಗೆದೆ.