ದರ್ಜಿ ಮೆಟ್ಟಿಲ ಕೆಳಗೆ ಹೋಗಿ ಕೂತದ್ದು

ಹೆಂಡತಿಯ ಮಾತು ಕೇಳಲಾರದೆ ದರ್ಜಿ ಹೊಲಿಗೆಯಂತ್ರವನ್ನು ಮನೆಯಿಂದ ಹೊರಗೆ ಸಾಗಿಸಿದ ಎಂಬ ಸುದ್ದಿ ನಮ್ಮ ಓಣಿಯಲ್ಲಿ ಹಬ್ಬಿ ಬಹಳ ಕಾಲವಾಯಿತು. ತನ್ನ ಮನೆಯ ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ, ಕರೆಂಟಿನ ಮೀಟರುಗಳ ಪಕ್ಕದಲ್ಲಿ ಅವನು ಕುತ್ತಿಗೆ ಬಗ್ಗಿಸಿ ಕೂತದ್ದನ್ನು ಕಂಡವರೆಲ್ಲ ಇದನ್ನು ನಂಬಿದರು. "ಬಾಯಿ ಹೋದ್ರೂ ಬೈಗುಳ ಹೋಗ್ಲಿಲ್ಲ ನೋಡಿ. ಆಯಮ್ಮ ಈಗ ಡಬ್ಬದಿಂದ ಬೈತಾಳೆ," ಎಂದು ಇಸ್ತ್ರಿಯವನು ಬಟ್ಟೆ ತಂದವರಿಗೆಲ್ಲ ಹೇಳುತ್ತಿದ್ದ.

ಡಬ್ಬವಿದ್ದದ್ದು ಹೌದು, ಬೈಗುಳವಿದ್ದದ್ದೂ ಹೌದು. ಸುದ್ದಿಯ ಉಳಿದ ಭಾಗ ಸುಳ್ಳು. ಆ ದನಿಯನ್ನು ಉಳಿಸಿಕೊಳ್ಳಲೆಂದೇ ಅವನು ಹೊರಗೆ ಹೋದ.

ಹೆಂಡತಿಯ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದಾಗ, ಆಸ್ಪತ್ರೆಯ ಮಾತಿನ ಚಿಕಿತ್ಸಕಿ ಆಕೆಯ ದನಿಯನ್ನು ಮೊದಲೇ ಧ್ವನಿಮುದ್ರಿಸಿ, ಹಳೆಯ ಲ್ಯಾಪ್‌ಟಾಪೊಂದರಲ್ಲಿ ತುಂಬಿಸಿಕೊಟ್ಟಿದ್ದಳು. ಟೈಪ್ ಮಾಡಿದ್ದನ್ನು ಅದು ಆಕೆಯದೇ ದನಿಯಲ್ಲಿ, ತುಸು ತಡವರಿಸುತ್ತ, ಓದುತ್ತಿತ್ತು. ಓದಲು ಕೊಟ್ಟ ವಾಕ್ಯಗಳು ತೀರ ಸಪ್ಪೆಯೆನಿಸಿ ಆಕೆ ತನ್ನವನ್ನೂ ಸೇರಿಸಿದ್ದಳು. "ರೀ, ಎರಡು ಕಿವಿಗೂ ಹೊಲಿಗೆ ಹಾಕ್ಕೊಂಡಿದ್ದೀರಾ?" ಎಂಬುದು ಅವುಗಳಲ್ಲೊಂದು. ಮುಂದೆ ಆ ತಂತ್ರಾಂಶ ಮಾಡಿದವರು ಬಾಗಿಲು ಮುಚ್ಚಿದರು. ಹೊಸ ಲ್ಯಾಪ್‌ಟಾಪಿಗೆ ಅದು ಒಗ್ಗಲಿಲ್ಲ. ಬೇರೊಂದು ತಂತ್ರಾಂಶ ಹಾಕಿ ನೋಡಿದರೆ ಯಾರದೋ ನಯವಾದ ದನಿ ಹೊರಟಿತು. "ಯಾರೇ ಇವಳು, ರೈಲು ಬರೋ ಹೊತ್ತು ಹೇಳೋಳು!" ಎಂದು ದರ್ಜಿ ಅದನ್ನು ನಿಲ್ಲಿಸಿಬಿಟ್ಟ.

ಅಡುಗೆ, ಮಂಚ, ಹೊಲಿಗೆ ಎಲ್ಲಕ್ಕೂ ಅವರಿಗೆ ಇದ್ದದ್ದು ಒಂದೇ ಕೋಣೆ. ಆಕೆ ಮಂಚದ ಮೇಲೆ ಒರಗಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತಾಡುವಳು. ಅವನು ಸೂಜಿಯಿಂದ ಕಣ್ಣು ಕೀಳದೆ, ಪೆಡಲು ತುಳಿಯುತ್ತಲೇ ಉತ್ತರಿಸುವನು. ಬರೆದು ತೋರಿಸುವಂತಿದ್ದರೆ ಪ್ರತಿ ಮಾತಿಗೂ ಅವನು ಕೆಲಸ ನಿಲ್ಲಿಸಬೇಕಿತ್ತು. ದನಿಯಿತ್ತಾದ್ದರಿಂದ ಸಂಸಾರ ಮೊದಲಿನಂತೆಯೇ ನಡೆದಿತ್ತು.

ಲ್ಯಾಪ್‌ಟಾಪ್ ಕಾಯತೊಡಗಿದ್ದು ಬೇಸಿಗೆಯಲ್ಲಿ. ತೊಡೆ ಸುಡುತ್ತದೆ ಎಂದು ಆಕೆ ಹೇಳಿದ್ದೇ ತಡ, ಅವನು ಬೈಕಿನ ಸೀಟಿಗೆ ಕವರು ಹೊಲಿದಾಗ ಉಳಿದ ಸ್ಪಂಜು ತುಂಬಿ ಅಂದವಾದ ಮೆತ್ತೆಯೊಂದನ್ನು ಹೊಲಿದು ಅಡಿಗಿಟ್ಟ. ಕಾವು ಏರಿತು. ಇನ್ನೊಂದು ಪದರ ಸೇರಿಸಿದ. ಒಳಗಿನ ಫ್ಯಾನು ಕಿರುಚಿಕೊಳ್ಳುತ್ತಿತ್ತು, ಆಕೆಯ ಮಾತು ಎಳೆದಾಡುತ್ತಿತ್ತು, ಕೊನೆಗೆ ಒಂದು ದಿನ ವಾಕ್ಯದ ನಡುವೆಯೇ ಪರದೆ ಕಪ್ಪಾಯಿತು.

ಕಂಪ್ಯೂಟರ್ ರಿಪೇರಿಯ ಹೆಂಗಸು ಬಂದವಳೇ ಮೆತ್ತೆಯನ್ನು ಎತ್ತಿ ಹಿಡಿದಳು. "ಏನಣ್ಣಾ ಇದು? ಇದು ಉಸಿರು ಎಳೆಯೋದೇ ಕೆಳಗಿನ ಸಂದಿಗಳಿಂದ. ಮೂಗಿಗೇ ದಿಂಬು ಒತ್ತಿದ್ದೀರಲ್ಲ!"

"ಅವಳಿಗೆ ಸುಡಬಾರದು ಅಂತ..." ಎಂದು ಅವನು ಮೆತ್ತೆಯನ್ನು ಅವಳ ಕೈಯಿಂದ ತೆಗೆದುಕೊಂಡ.

ರಿಪೇರಿಯವಳು ತಳದ ಸ್ಕ್ರೂಗಳನ್ನು ಬಿಚ್ಚಿದಳು. ಫ್ಯಾನಿಗೂ ಕಾವು ಹೊರಹಾಕುವ ಲೋಹದ ಹಲ್ಲುಗಳಿಗೂ ನಡುವೆ ನೂಲಿನ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ದರ್ಜಿ ಅದನ್ನು ಬೆಳಕಿಗೆ ಹಿಡಿದ. ನೀಲಿ ಎಳೆ ಶಾಲೆಯ ಸಮವಸ್ತ್ರದ್ದು, ಬೂದು ಎಳೆ ಕಾವಲುಗಾರರ ಪ್ಯಾಂಟಿನದು. ಎಲ್ಲವೂ ಅವನ ಕತ್ತರಿಯಿಂದ ಹೊರಟದ್ದು. ಹೆಂಗಸು ಕುಂಚದಿಂದ ಧೂಳು ತೆಗೆದಳು. ಒಳಗಿನ ಚಿಪ್ ಮೇಲೆ ಒಣಗಿ ಬಿರುಕಾಗಿದ್ದ, ಕಾವು ಸಾಗಿಸುವ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದಳು. ಬೇಡದ ಪ್ರೋಗ್ರಾಮುಗಳನ್ನು ನಿಲ್ಲಿಸಿದಳು. ಹಿಂಭಾಗಕ್ಕೆ ಎರಡು ಮರದ ತುಂಡು ಕೊಟ್ಟು ಮೇಜಿನ ಮೇಲಿಟ್ಟಳು.

"ಇನ್ಮೇಲೆ ಮಂಚದ ಮೇಲೆ ಬೇಡ ಅತ್ತಿಗೆ. ಆದ್ರೆ ಅಣ್ಣಾ, ನೀವು ಇದೇ ಕೋಣೇಲಿ ಹೊಲಿದ್ರೆ ಮತ್ತೆ ಇದೇ ಕಥೆ. ಇಷ್ಟು ಹಳೇದಕ್ಕೆ ಬೇರೆ ಫ್ಯಾನು ಎಲ್ಲೂ ಸಿಗಲ್ಲ."

ಅವಳು ಹೋದ ಮೇಲೆ ದರ್ಜಿ ಹೊಲಿಗೆಯಂತ್ರದ ಕಾಲಿಗೆ ಹಗ್ಗ ಬಿಗಿಯತೊಡಗಿದ.

"ನೀವು ಹೊರಗೆ ಹೋದ್ರೆ," ಮೇಜಿನಿಂದ ದನಿ ಬಂತು, "ನಾನು ಯಾರ ಹತ್ರ ಮಾತಾಡ್ಲಿ?"

"ಮಾತು ಉಳೀಲಿ ಅಂತ ತಾನೇ ಹೋಗ್ತಿರೋದು ಕಣೇ?"

"ಗೋಡೆಗೂ ಗಂಡಂಗೂ ವ್ಯತ್ಯಾಸ ಇಲ್ಲ ಅಂದ್ಕೊಳ್ತೀನಿ ಬಿಡಿ."

ಇಬ್ಬರೂ ನಕ್ಕರು. ಆಕೆಯ ನಗು ಭುಜಗಳಲ್ಲಿ ಮಾತ್ರ ಕಾಣುತ್ತಿತ್ತು.

ಮೆಟ್ಟಿಲ ಕೆಳಗೆ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಇದನ್ನು ತಿಳಿದ ರಿಪೇರಿಯವಳು ತಂತಿಯಿಲ್ಲದ ಸಣ್ಣ ಸ್ಪೀಕರೊಂದನ್ನು ಮೀಟರುಗಳ ಮೇಲೆ ಇಟ್ಟುಹೋದಳು. ಕೆಲವು ದಿನ ಎಲ್ಲ ಸರಿಹೋದಂತೆಯೇ ಇತ್ತು. ಆಕೆ ಕಿಟಕಿಯ ಬಳಿ ಕೂತು ಟೈಪ್ ಮಾಡುವಳು, ಅವನು ಮೆಟ್ಟಿಲ ಕೆಳಗಿನಿಂದ ಕೈಯೆತ್ತಿ ಉತ್ತರಿಸುವನು.

ಪ್ಯಾಂಟಿನ ಉದ್ದ ಕತ್ತರಿಸಲು ಇಬ್ಬರು ಗಿರಾಕಿಗಳು ಬಂದು ನಿಂತಿದ್ದಾಗ ಸ್ಪೀಕರು ಮಾತಾಡಿತು: "ರೀ... ಬೆಳಗಿಂದ... ನಿಮ್ಮ ಮುಖಾನೇ... ನೋಡಿಲ್ಲ."

"ಮು... ಖಾ... ನೇ... ನೋಡಿಲ್ಲ!" ಒಬ್ಬ ಅದೇ ತಡವರಿಕೆಯಲ್ಲಿ ಅನುಕರಿಸಿದ. "ಏನ್ ಟೈಲರಣ್ಣ, ಹೆಂಡ್ತಿ ಬ್ಯಾಟ್ರಿ ವೀಕಾ?"

ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ದರ್ಜಿಯೂ ನಕ್ಕ. ತಲೆಯೆತ್ತಿದಾಗ ಆಕೆ ಕಿಟಕಿಯಲ್ಲಿ ನಿಂತಿದ್ದಳು.

"ಗಿರಾಕಿ ನಗುವಾಗ ಮುಖ ಗಂಟಿಕ್ಕಿ ಕೂರೋಕಾಗತ್ತಾ? ಸುಮ್ನೆ ನಕ್ಕೆ," ಎಂದು ಆ ಸಂಜೆ ಅವನು ಬಗೆಬಗೆಯಾಗಿ ಹೇಳಿದ. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಮರುದಿನ ಸ್ಪೀಕರನ್ನು ಹಿಂದಿರುಗಿಸಿ ಬಂದು ಕೇಳಿದ: "ಮಿಷನ್ ಒಳಗೇ ತರ್ತೀನಿ. ಏನಂತೀಯ?"

ಆಕೆ ಮುಚ್ಚಳ ತೆರೆದು ಟೈಪ್ ಮಾಡಿದಳು. "ಬೇಡ. ಕೆಟ್ಟುಹೋಗತ್ತೆ."

ಮೊನ್ನೆ ರಿಪೇರಿಯವಳು ಮತ್ತೆ ಬಂದು ತಳ ಬಿಚ್ಚಿ ನೋಡಿದಳು. ಹಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು. "ಭೇಷ್ ಅಣ್ಣಾ, ಬಿಸೀನೇ ಆಗಿಲ್ಲ. ಹೀಗೇ ನೋಡ್ಕೊಂಡ್ರೆ ಇನ್ನೂ ವರ್ಷಗಟ್ಟಲೆ ಬರತ್ತೆ," ಎಂದಳು. ದರ್ಜಿ ತಲೆಯಾಡಿಸಿದ.

ಲ್ಯಾಪ್‌ಟಾಪ್ ಈಗ ಚೆನ್ನಾಗಿಯೇ ಇದೆ. ಸಂಜೆ ಒಮ್ಮೆ ಆಕೆ ಅದನ್ನು ತೆರೆದು ಗುಳಿಗೆ ಮುಗಿದಿದೆ, ಹಾಲು ಬೇಕು ಎಂಬಷ್ಟನ್ನು ಹೇಳಿ ಮುಚ್ಚುತ್ತಾಳೆ.