ಕಾಮೆಂಟು ಬರೆಯುವ ಗೋದೂಬಾಯಿ

ಬಸವನ ಬಾಗೇವಾಡಿಯಲ್ಲಿ ಯಾವ ಅಂಗಡಿಯವರು ಫೇಸ್‌ಬುಕ್ಕಿನಲ್ಲಿ ಜಾಹೀರಾತು ಹಾಕಿದರೂ ಮಂದಿ ಮೊದಲು ನೋಡುತ್ತಿದ್ದದ್ದು ಅದರ ಕೆಳಗೆ ಗೋದೂಬಾಯಿ ಏನು ಬರೆದಿದ್ದಾರೆ ಅಂತ. ಸೀರೆ ಎಷ್ಟಕ್ಕೆ, ಮಿಕ್ಸರ್ ಯಾವ ಕಂಪನಿಯದು ಅನ್ನುವುದೆಲ್ಲ ಆಮೇಲೆ.

ಗೋದೂಬಾಯಿಯವರ ತವರು ಸಿಂದಗಿ ತಾಲ್ಲೂಕಿನ ಮೋರಟಗಿ. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ, ನಿವೃತ್ತಿಯಾದ ಮೇಲೆ ಗಂಡನ ಊರಾದ ಬಾಗೇವಾಡಿಗೆ ಬಂದು ನೆಲೆಸಿದ್ದರು. ಬೀಳ್ಕೊಡುವಾಗ ಜೊತೆಯ ಶಿಕ್ಷಕರೆಲ್ಲ ಸೇರಿ ಅವರಿಗೊಂದು ಸ್ಮಾರ್ಟ್‌ಫೋನ್ ಕೊಟ್ಟಿದ್ದರು. ಆರು ತಿಂಗಳು ಅದು ಕಪಾಟಿನೊಳಗೆ ರೇಷ್ಮೆ ಸೀರೆಯ ಪಕ್ಕದಲ್ಲೇ ಇತ್ತು. ಒಂದು ದಿನ ಬೇಸರ ಬಂದು ತೆಗೆದರು. ತೆಗೆದು ನೋಡಿದರೆ ಏನಿದೆ? ಇಡೀ ತಾಲ್ಲೂಕಿನ ತಿದ್ದದ ನೋಟುಬುಕ್ಕುಗಳು ಕಣ್ಣ ಮುಂದೆ ಬಿದ್ದಿದ್ದವು!

ಹಬ್ಬದ ‘ಶುಭಾಷಯ’ ಹೇಳಿದ ಬಟ್ಟೆ ಅಂಗಡಿಗೆ ಅವರು ಬರೆದರು: ‘ಇಲ್ಲಿ ಶ ಬರಬೇಕು, ಷ ಅಲ್ಲ. ಶುಭಾಶಯ. ನಿಮಗೂ ಹಬ್ಬ ಚೆನ್ನಾಗಿ ಆಗಲಿ.’ ತಪ್ಪು ತೋರಿಸಿದ ಕೂಡಲೇ ಒಂದು ಹಾರೈಕೆ ಇರಲೇಬೇಕು. ತರಗತಿಯಲ್ಲೂ ಹಾಗೇ ಇತ್ತಂತೆ. ಗದರಿಸಿದ ಹುಡುಗಿಯನ್ನು ಗಂಟೆ ಬಾರಿಸುವುದರೊಳಗೆ ನಗಿಸದೆ ಅವರು ಹೊರಗೆ ಬರುತ್ತಿರಲಿಲ್ಲ.

ಅವರ ಅಭಿಪ್ರಾಯಗಳನ್ನೆಲ್ಲ ಕೇಳುವ ಕೆಲಸ ಗಂಡ ಪಾಂಡುರಂಗರಾಯರದು. ರಾಯರು ಬಸ್ ಡಿಪೋದ ಕಚೇರಿಯಲ್ಲಿದ್ದು ನಿವೃತ್ತರಾದವರು. ಅವರ ಫೋನಿಗೆ ಗುಂಡಿಗಳಿದ್ದವು, ಅಷ್ಟೇ ಸಾಕು ಅಂತಿದ್ದರು. ಮುಂಜಾನೆ ಚಹಾ ಕುಡಿಯುತ್ತ ಗೋದೂಬಾಯಿ ಶುರು ಮಾಡುತ್ತಿದ್ದರು.

“ಈ ಲೈಕ್ ಅಂತಾರಲ್ಲ, ಅದು ಹಿಂದಿನ ಬೆಂಚಿನ ಹುಡುಗ್ರು ತಲಿ ಅಲ್ಲಾಡಿಸಿದಂಗ. ಪಾಠ ತಿಳದದ ಅಂತ ಅಲ್ಲ, ಬಾಯಾರು ನಮ್ಮನ್ನ ಬಿಟ್ಟು ಮುಂದ ಹೋಗ್ಲಿ ಅಂತ.”

“ಹೌದು,” ಅನ್ನುತ್ತಿದ್ದರು ರಾಯರು, ಪೇಪರಿನಿಂದ ಕಣ್ಣು ತೆಗೆಯದೆ.

“ರೀಲ್ಸ್ ನೋಡ್ರಿ. ಎಲ್ಲಾರೂ ಅದೇ ಹಾಡಿಗೆ ಅದೇ ಕುಣಿತ. ಸಾಲ್ಯಾಗ ಕಾಪಿ ಹೊಡದ್ರ ಹೊರಗ ನಿಲ್ಲಸ್ತಿದ್ವಿ. ಇಲ್ಲಿ ಕಾಪಿ ಹೊಡದವ್ರಿಗೇ ಹೆಚ್ಚಿನ ಮಾರ್ಕು!”

“ಹೌದು.”

“ನೀವೀಗ ನನಗ ಲೈಕ್ ಒತ್ತೀರಿ, ಕೇಳಿಲ್ಲ.”

ಆಗ ಮಾತ್ರ ರಾಯರು ಪೇಪರು ಮಡಚಿಟ್ಟು ನಗುತ್ತಿದ್ದರು.

ಒಂದು ಮಾರ್ಚ್ ತಿಂಗಳು, ಬಿಸಿಲು ಏರುತ್ತಿರುವಾಗ, ಬಸ್ ಸ್ಟ್ಯಾಂಡಿನ ಹತ್ತಿರ ಕೂಲರ್, ಫ್ರಿಜ್ ಮಾರುವ ಜಾಹಿದನ ಜಾಹೀರಾತು ಬಂತು. ‘ಮನೆಮಂದಿಗೆಲ್ಲ ತಂಪಾದ ಗಾಲಿ, ಕರ್ನಾಟಕದಲ್ಲೇ ನಂಬರ್ ಒನ್.’ ಗೋದೂಬಾಯಿ ಬರೆದರು: ‘ಗಾಲಿ ಬಂಡಿಗೆ ಇರುತ್ತದೆ. ಕೂಲರಿನಿಂದ ಬರುವುದು ಗಾಳಿ. ವ್ಯಾಪಾರ ವೃದ್ಧಿಯಾಗಲಿ.’ ಸಂಜೆಯೊಳಗೆ ಆ ಕಾಮೆಂಟಿಗೆ ಇನ್ನೂರು ಮಂದಿ ನಕ್ಕಿದ್ದರು. ಜಾಹೀರಾತಿಗೆ ಬಿದ್ದ ಲೈಕು ಹನ್ನೊಂದು.

ಮರುದಿನ ಜಾಹಿದ ಮನೆಗೇ ಬಂದ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಬಾಗಿಲಲ್ಲೇ ನಿಂತು, ಸಿಟ್ಟನ್ನು ಹೇಗೆ ಹೊರಗೆ ಹಾಕಬೇಕು ಅಂತ ತಿಳಿಯದೆ ಚಪ್ಪಲಿಯನ್ನು ಎರಡು ಸಲ ಬಿಟ್ಟು ಎರಡು ಸಲ ಮೆಟ್ಟಿದ.

“ಅಕ್ಕಾರ, ಅದನ್ನ ನಾ ಬರದದ್ದಲ್ರಿ. ವಿಜಯಪುರದಾಗ ಒಂದು ಏಜನ್ಸಿ ಐತಿ, ಅವ್ರ ಎಲ್ಲಾ ನೋಡ್ತಾರ. ಊರ ಮಂದಿ ಈಗ ನನ್ನ ಗಾಲಿ ಜಾಹಿದ ಅಂತ ಕರಿಯಾಕತ್ತಾರ.”

ಗೋದೂಬಾಯಿಗೆ ನಗು ಬಂತು, ಮರುಕವೂ ಬಂತು. “ಒಳಗ ಬಾ. ಹಾಕೋದಕ್ಕ ಮೊದಲ ನನಗೊಮ್ಮೆ ತೋರ್ಸು. ತಿದ್ದಿ ಕೊಡ್ತೀನಿ. ತಪ್ಪು ಇಲ್ದಿದ್ರ ನಾ ಯಾಕ ಕಾಮೆಂಟ್ ಹಾಕಲಿ?”

ಹಾಗೆ ಶುರುವಾಯಿತು. ತಿದ್ದುತ್ತ ತಿದ್ದುತ್ತ ಒಂದು ದಿನ ಅವರು ಇಡೀ ಜಾಹೀರಾತನ್ನು ತಾವೇ ಬರೆದುಬಿಟ್ಟರು. ಅದರಲ್ಲಿ ನಂಬರ್ ಒನ್ ಇರಲಿಲ್ಲ. ‘ಈ ಕೂಲರ್ ಸ್ವಲ್ಪ ಸಪ್ಪಳ ಮಾಡುತ್ತದೆ, ಗಾಳಿ ಮಾತ್ರ ಕೋಣೆಯ ಮೂಲೆಗೂ ಮುಟ್ಟುತ್ತದೆ. ಹಳ್ಳಿಯಿಂದ ಬರುವವರು ಒಂದು ಫೋನ್ ಮಾಡಿ ಬನ್ನಿ. ಮಾಲು ಮುಗಿದಿದ್ದರೆ ಬಿಸಿಲಲ್ಲಿ ಸುಮ್ಮನೆ ಅಡ್ಡಾಡುವುದು ಬೇಡ.’ ಇದನ್ನು ಓದಿ ಏಜನ್ಸಿಯವರು ತಲೆ ಚಚ್ಚಿಕೊಂಡರಂತೆ. ಮಂದಿ ಮಾತ್ರ ಅದನ್ನು ವಾಟ್ಸಾಪಿನಲ್ಲಿ ಹಂಚಿಕೊಂಡರು. ಅಂಗಡಿಗೆ ಬಂದವರು ‘ಸಪ್ಪಳ ಮಾಡ್ತೈತಂತಲ್ಲ, ಅದನ್ನ ಕೊಡ್ರಿ’ ಅಂತ ಕೇಳಿದರು. ಗೋದೂಬಾಯಿ ಆ ವಾರ ಬಹಳ ಹಿಗ್ಗಿನಲ್ಲಿದ್ದರು. ಚಹಾದ ಹೊತ್ತಿನಲ್ಲಿ ರಾಯರಿಗೆ ಎರಡೆರಡು ಸಲ ಓದಿ ಹೇಳಿದರು.

ಏಪ್ರಿಲ್ ಕೊನೆಗೆ, ಅಂಗಡಿ ಹೇಗೆ ನಡೆದಿದೆ ನೋಡೋಣ ಅಂತ ಗೋದೂಬಾಯಿ ಫೋನಿನ ನಕ್ಷೆಯಲ್ಲಿ ಜಾಹಿದನ ಅಂಗಡಿಯ ಪುಟ ತೆರೆದರು. ಒಂದೇ ವಾರದಲ್ಲಿ ಐವತ್ತು ಹೊಸ ವಿಮರ್ಶೆಗಳು, ಎಲ್ಲಕ್ಕೂ ಐದೈದು ನಕ್ಷತ್ರ. ಹೆಸರುಗಳು ಈ ಕಡೆಯವಲ್ಲ. ಒಬ್ಬ ‘ಸೇವೆ ಅತ್ಯುತ್ತಮ’ ಅಂದಿದ್ದ, ಹತ್ತು ಮಂದಿ ಅದನ್ನೇ ಹೇಳಿದ್ದರು. ಮತ್ತೊಬ್ಬನಂತೂ ‘ಊಟ ರುಚಿಯಾಗಿತ್ತು, ಮಕ್ಕಳಿಗೆ ರೂಮು ಇಷ್ಟವಾಯಿತು’ ಅಂತ ಬರೆದಿದ್ದ. ಕೂಲರ್ ಅಂಗಡಿಯಲ್ಲಿ ಯಾವ ಊಟ, ಯಾವ ರೂಮು?

ಬೆರಳಿನಿಂದ ಕೆಳಗೆ ಕೆಳಗೆ ಸರಿಸುತ್ತ ಹೋದಾಗ ಐವತ್ತರ ಅಡಿಯಲ್ಲಿ ಒಂದು ನಕ್ಷತ್ರದ ವಿಮರ್ಶೆ ಸಿಕ್ಕಿತು. ಮಸೂತಿಯ ಮುಕ್ತಾ ಅನ್ನುವವಳದು. ‘ನಾನು ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಕೂಲರ್ ತಂದ ನಾಲ್ಕನೇ ದಿನ ಮೋಟರ್ ಸುಟ್ಟಿತು. ಮೂರು ಸಲ ಫೋನ್ ಮಾಡಿದೆ. ಕಂಪನಿಗೆ ಬರೆಯಿರಿ ಅಂದರು. ಕಂಪನಿಯ ವಿಳಾಸ ಕೇಳಿದರೆ ಫೋನ್ ಇಟ್ಟರು.’ ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ.

“ಇಷ್ಟು ನೆಟ್ಟಗ ಬರದಾಕಿ ಸುಳ್ಳು ಹೇಳೂದಿಲ್ಲ,” ಅಂದರು ಗೋದೂಬಾಯಿ.

ರಾಯರು ಪೇಪರು ಕೆಳಗಿಟ್ಟರು. “ಶುದ್ಧ ಬರದವ್ರೆಲ್ಲಾ ಖರೇ ಹೇಳ್ತಾರೇನ ಗೋದೂ? ನಮ್ಮ ಡಿಪೋಕ್ಕ ಬರ್ತಿದ್ದ ಸುಳ್ಳು ಅರ್ಜಿಗಳ ಕನ್ನಡ ನೀ ನೋಡಬೇಕಿತ್ತು. ಮುತ್ತಿನಂಥಾ ಅಕ್ಷರ.”

ಗೋದೂಬಾಯಿಗೆ ಆ ಮಾತು ಚುಚ್ಚಿತು. ಮಾರನೆಯ ದಿನ ಮುಂಜಾನೆಯ ಬಸ್ಸಿಗೆ ಛತ್ರಿ ಹಿಡಿದು ಮಸೂತಿಗೆ ಹೊರಟರು. ‘ಹೊಲಿಗಿ ಮುಕ್ತಾ’ ಅಂದರೆ ಸಾಕಿತ್ತು, ಬಸ್ಸಿಳಿದ ಕಡೆಯಿಂದಲೇ ಮನೆ ತೋರಿಸಿದರು. ತಗಡಿನ ಚಾವಣಿಯ ಸಣ್ಣ ಕೋಣೆ, ಹೊಲಿಗೆ ಯಂತ್ರ, ಮೂಲೆಯಲ್ಲಿ ಕೂಲರ್. ಕೂಲರಿನ ಮೇಲೆ ಹೊಲಿದ ಕುಬಸಗಳನ್ನು ಒಟ್ಟಿದ್ದರು. ಮುಕ್ತಾ ಬೆವರು ಬಟ್ಟೆಗೆ ತಾಗದಂತೆ ಮಣಿಕಟ್ಟಿಗೆ ಚಿಂದಿ ಸುತ್ತಿಕೊಂಡು ಹೊಲಿಯುತ್ತಿದ್ದಳು.

ಗೋದೂಬಾಯಿ ತಮ್ಮ ಹೆಸರು ಹೇಳಿ, ವಿಮರ್ಶೆ ಓದಿ ಬಂದೆ ಅಂದರು. ಮುಕ್ತಾ ಎದ್ದು ನಿಂತಳು.

“ನೀವೇ ಏನ್ರಿ? ಜಾಹೀರಾತ ಬರದವ್ರು ನೀವೇ ಅಂತ ಮಂದಿ ಹೇಳ್ತಿದ್ರು. ಅದನ್ನ ಓದೇ ನಾ ತಗೊಂಡದ್ರಿ. ಸಪ್ಪಳ ಮಾಡ್ತದ ಅಂತ ತಾವೇ ಹೇಳ್ಯಾರ, ಅಂದಮ್ಯಾಲ ಖರೇ ಮಂದಿ ಇರಬೇಕು ಅಂತ ತಿಳಕೊಂಡೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಗೋದೂಬಾಯಿಗೆ ಹಗುರವಾಗುತ್ತಿತ್ತು. ಮೂವತ್ತೊಂದು ವರ್ಷ ಬೇರೆಯವರ ತಪ್ಪು ತಿದ್ದಿದ ಹೆಂಗಸಿಗೆ, ತಾನು ಒಂದಕ್ಷರ ತಪ್ಪದೆ ಬರೆದದ್ದೇ ಒಬ್ಬಳಿಗೆ ಪೆಟ್ಟು ಕೊಟ್ಟಿತಲ್ಲ ಅನ್ನಿಸಿತು. ಮುಕ್ತಾ ಕೊಟ್ಟ ಮಜ್ಜಿಗೆಯನ್ನು ಅವರು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

ಅಲ್ಲಿಂದ ಮನೆಗೆ ಹೋಗಲಿಲ್ಲ, ನೇರ ಜಾಹಿದನ ಅಂಗಡಿಗೆ ಹೋಗಿ ಕೂತರು. ಗಿರಾಕಿಗಳು ಹೋಗುವ ತನಕ ಸುಮ್ಮನಿದ್ದು, ಆಮೇಲೆ ಫೋನನ್ನು ಅವನ ಮುಂದಿಟ್ಟರು.

“ಓದು.”

ಜಾಹಿದ ಓದಿದ. ಊಟ ರುಚಿಯಾಗಿತ್ತು ಅನ್ನುವ ಕಡೆ ನಗಲು ಹೋಗಿ, ಅವರ ಮುಖ ನೋಡಿ ನಿಲ್ಲಿಸಿದ.

“ಏಜನ್ಸಿಯವ್ರು ಪ್ಯಾಕೇಜಿನ್ಯಾಗ ಕೊಟ್ಟಾರ್ರಿ ಅಕ್ಕಾರ. ಎಲ್ಲಾ ಅಂಗಡಿಯವ್ರೂ ಮಾಡ್ಸತಾರ. ಇವನ್ನೆಲ್ಲಾ ಯಾರ ಓದ್ತಾರ, ನಕ್ಷತ್ರ ಅಷ್ಟ ನೋಡ್ತಾರ.”

“ಕೆಳಗಿಂದು ಓದು.”

ಅದನ್ನು ಅವನು ಎರಡು ಸಲ ಓದಿದ. ಹಿಂದೆ ತಿರುಗಿ, ಫೋನ್ ತೆಗೆದುಕೊಳ್ಳುವ ಕೆಲಸಗಾರ ಸಿದ್ರಾಮನನ್ನು ಕರೆದು ಕೇಳಿದ. ಸೀಜನ್ನಿನಲ್ಲಿ ಇಂಥ ಫೋನು ದಿನಕ್ಕೆ ಹತ್ತು ಬರುತ್ತವೆ, ಎಲ್ಲರಿಗೂ ಹಾಗೇ ಹೇಳುವುದು ಅಂದ ಸಿದ್ರಾಮ. ತನ್ನ ಅಂಗಡಿಯಲ್ಲಿ ತನಗೇ ಗೊತ್ತಿಲ್ಲದ್ದು ನಡೆದಿದೆ ಅನ್ನುವ ನಾಚಿಕೆ ಜಾಹಿದನ ಕಿವಿಯವರೆಗೂ ಏರಿತ್ತು.

“ನಾ ಬರದದ್ದನ್ನ ನಂಬಿ ತಗೊಂಡಾಳಪ್ಪ ಆಕಿ,” ಅಂದರು ಗೋದೂಬಾಯಿ. “ನಿಂದಷ್ಟ ಅಲ್ಲ, ನನ್ನ ತಪ್ಪೂ ಅದ.”

ಆ ಮಧ್ಯಾಹ್ನವೇ ಜಾಹಿದ ಹೊಸ ಮೋಟರನ್ನು ಗಾಡಿಗೆ ಹಾಕಿಕೊಂಡು ಮಿಸ್ತ್ರಿಯ ಜೊತೆ ತಾನೇ ಮಸೂತಿಗೆ ಹೋದ. ಹೋಗುವ ಮುಂಚೆ ಏಜನ್ಸಿಗೆ ಫೋನ್ ಮಾಡಿ ಐವತ್ತನ್ನೂ ತೆಗೆಯಿರಿ ಅಂದ. ಇಷ್ಟಕ್ಕೆ ಮುಗಿಯಬಹುದಿತ್ತು. ಮೂರನೆಯ ದಿನ ಅವನೇ ಗೋದೂಬಾಯಿಯ ಮನೆಗೆ ಬಂದು ಒಂದು ಚೀಟಿ ಕೊಟ್ಟ. ತಾನೇ ಬರೆದದ್ದು, ಹಾಕುವ ಮುಂಚೆ ತಿದ್ದಿಕೊಡಿರಿ ಅಂದ.

‘ನಮ್ಮ ಅಂಗಡಿ ಬಗ್ಗೆ ಐವತ್ತು ಮಂದಿ ಚೊಲೊ ಬರದಿದ್ರು. ಅವ್ರು ಯಾರೂ ನಮ್ಮ ಗಿರಾಕಿ ಅಲ್ಲ. ಅವನ್ನ ತಗಸೇವಿ. ಮಸೂತಿಯ ಅಕ್ಕಾರು ಬರದದ್ದು ಖರೇ ಐತಿ, ಅದನ್ನ ಇಟ್ಟೇವಿ. ನಿಮ್ಮ ಮಾಲು ಕೆಟ್ರ ನನಗ ಫೋನ್ ಮಾಡ್ರಿ, ಜಾಹಿದ.’

ಗೋದೂಬಾಯಿ ಕನ್ನಡಕ ಹಾಕಿಕೊಂಡು ಓದಿದರು. ಕೈಯಲ್ಲಿ ಪೆನ್ನಿತ್ತು. “ಹಿಂಗ ಹಾಕು,” ಅಂತ ಚೀಟಿಯನ್ನು ಹಾಗೇ ವಾಪಸು ಕೊಟ್ಟರು.

ಅದನ್ನು ನೋಡಿ ಒಬ್ಬರು ಅಣಕದ ರೀಲು ಮಾಡಿದರು, ‘ಸುಳ್ಳು ಒಪ್ಪಿಕೊಂಡ ಅಂಗಡಿ’ ಅಂತ. ನಕ್ಷತ್ರಗಳು ಇಳಿದವು. ಆ ಬೇಸಿಗೆಯ ವ್ಯಾಪಾರ ಜಾಹಿದ ಎಣಿಸಿದಷ್ಟು ಆಗಲಿಲ್ಲ, ತೀರ ಕೆಡಲೂ ಇಲ್ಲ. ಕೆಟ್ಟ ಮಾಲಿನ ಫೋನುಗಳು ಸೀದಾ ಅವನಿಗೇ ಬರತೊಡಗಿ, ಊಟಕ್ಕೆ ಕೂತಾಗಲೂ ಏಳಬೇಕಾಯಿತು. ಮುಕ್ತಾ ತಾನು ಬರೆದದ್ದನ್ನು ಅಳಿಸಲಿಲ್ಲ. ಅದರ ಕೆಳಗೆ ‘ಮೋಟರ್ ಬದಲಿಸಿಕೊಟ್ಟರು. ಈಗ ಚೆನ್ನಾಗಿದೆ’ ಅಂತ ಸೇರಿಸಿದಳು. ಒಂದು ನಕ್ಷತ್ರವನ್ನು ಮೂರು ಮಾಡಿದಳು. ಐದು ಯಾಕಿಲ್ಲ ಅಂತ ಜಾಹಿದ ಕೇಳಿದ್ದಕ್ಕೆ, ‘ಮೂರು ಸಲ ಫೋನ್ ಮಾಡಿದ್ದೆನಲ್ಲ’ ಅಂದಳಂತೆ. ಗೋದೂಬಾಯಿಗೆ ಆ ಲೆಕ್ಕ ಬಹಳ ಹಿಡಿಸಿತು.

ಆಮೇಲೆ ಅವರಿಂದ ಬರೆಸಿಕೊಳ್ಳಲು ಬೇರೆ ಅಂಗಡಿಯವರೂ ಬರತೊಡಗಿದರು. ಮೊನ್ನೆ ಇಂಡಿ ಊರಿನ ಅರುಣಕುಮಾರ ಅನ್ನುವವರು ಫೋನ್ ಮಾಡಿದ್ದರು. ಲಿಂಬೆ ತೋಟದವರು, ಉಪ್ಪಿನಕಾಯಿ ಮಾಡಿ ಆನ್‌ಲೈನಿನಲ್ಲಿ ಮಾರಬೇಕಂತೆ, ಇನ್‌ಸ್ಟಾಗ್ರಾಮಿಗೆ ನಾಲ್ಕು ಸಾಲು ಬೇಕಂತೆ.

“ಬರೀತೀನಿ,” ಅಂದರು ಗೋದೂಬಾಯಿ. “ಮೊದಲ ಒಂದು ಭರಣಿ ಕಳಸ್ರಿ.”

“ಫೋಟೋ ಕಳಸ್ತೇನ್ರಿ ಅಕ್ಕಾರ, ಭಾಳ ಚಂದ ಬಂದೈತಿ.”

“ಫೋಟೋ ಹೆಂಗ ತಿನ್ನಲಿ? ನಮ್ಮ ಮನಿಯವ್ರು ಹದಿನೈದು ದಿನ ರೊಟ್ಟಿ ಜೋಡಿ ತಿಂತಾರ. ಹದಿನಾರನೇ ದಿನಾನೂ ಕೇಳಿದ್ರಂದ್ರ ಬರೀತೀನಿ.”

ಒಳಗಿನಿಂದ ರಾಯರು, ಖಾರ ಸ್ವಲ್ಪ ಕಡಿಮೆ ಇರಲಿ ಅಂತ ಹೇಳು, ಅಂತ ಕೂಗಿದರು.