ಏಳನೆಯ ಬೀಗದ ಮುಂದೆ ಸುಮಾರಕ್ಕ

ನನ್ನ ಅಕ್ಕ ಒಂಬತ್ತು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು. ಅಂಗಿ ಕೈಗೆ ಬಂದ ಕೂಡಲೇ ಅದರ ಒಳಮೈ ಹೊರಗೆ ಮಾಡುವುದು, ಕಂಕುಳಿನ ಹೊಲಿಗೆಯನ್ನು ಎರಡು ಹೆಬ್ಬೆರಳಿನಿಂದ ಎಳೆದು ನೋಡುವುದು, ಕಾಜಾ ಎಣಿಸುವುದು, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು. ಎಲ್ಲ ಸರಿಯಿದ್ದರೆ ಜೇಬಿನೊಳಗೆ ತನ್ನ ನಂಬರಿನ ಚೀಟಿ ಇಡಬೇಕು. ಅಂಗಿ ವಾಪಸು ಬಂದರೆ ಯಾರ ಕಣ್ಣು ತೂಕಡಿಸಿತ್ತು ಎಂದು ಆ ಚೀಟಿ ಹೇಳುತ್ತದೆ. ಅಕ್ಕನ ಚೀಟಿಯ ಅಂಗಿ ಒಂದೂ ವಾಪಸು ಬರಲಿಲ್ಲ. ವಾಪಸು ಬಂದದ್ದು ಅಕ್ಕನೇ. ಸೊಂಟ ಕೈಕೊಟ್ಟಿತು, ವೈದ್ಯರು "ಇನ್ನು ನಿಂತು ಮಾಡೋ ಕೆಲಸ ಬೇಡ" ಎಂದರು. ಹೊಲಿಯಲು ಬಾರದವಳಿಗೆ ಆ ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸವೆಂದರೆ ಮ್ಯಾನೇಜರನದು ಮಾತ್ರ. ಹಾಗಾಗಿ ಅಕ್ಕ ನಮ್ಮ ಮನೆಯ ಮುಂದಿನ ಕೋಣೆಗೆ ಬಂದಳು.

ಮೊದಲ ಆರು ತಿಂಗಳು ಅವಳು ಗೋಡೆ ನೋಡಿದಳು. ಆಮೇಲೆ ನನ್ನವರ ಹಳೆಯ ಗೇಮ್ ಯಂತ್ರ ಟಿವಿಯ ಕೆಳಗೆ ಧೂಳು ತಿನ್ನುತ್ತಿದ್ದುದನ್ನು ನೋಡಿದಳು. ಹೊತ್ತು ಕಳೆಯಲೆಂದು ಕಂಟ್ರೋಲರ್ ಹಿಡಿದವಳು ವಾರದೊಳಗೆ ಒಂದು ಗೇಮ್ ವೆಬ್‌ಸೈಟಿಗೆ ದೂರು ಬರೆದಳು: "ನಿಮ್ಮವರು ಹತ್ತಕ್ಕೆ ಒಂಬತ್ತು ಕೊಟ್ಟಿರುವ ಗೇಮಿನಲ್ಲಿ ನಾಯಕನ ಕಾಲರ್ ಅವನ ಕುತ್ತಿಗೆಯೊಳಗೆ ಹೋಗುತ್ತದೆ. ಬಗ್ಗಿದರೆ ಬೆನ್ನಿನಿಂದ ಹೊರಗೆ ಬರುತ್ತದೆ. ಒಂಬತ್ತು ಕೊಟ್ಟವರು ಅವನನ್ನು ಬಗ್ಗಿಸಿ ನೋಡಲಿಲ್ಲವೇ?" ಸಂಪಾದಕನಿಗೆ ನಗು ಬಂತು. ವಾರಕ್ಕೊಂದು ಅಂಕಣ ಬರೆಯಿರಿ ಎಂದ.

ಆ ಕಚೇರಿಯಲ್ಲಿ ಗೇಮುಗಳನ್ನು ಹಂಚುವ ರೀತಿ ಹೀಗೆ. ಒಳ್ಳೆಯವು ಬಂದರೆ ಅಲ್ಲಿಯ ತರುಣರು ಕಿತ್ತಾಡಿಕೊಂಡು ಒಯ್ಯುತ್ತಾರೆ. ತೀರಾ ಕೆಟ್ಟವನ್ನು ಬೈಯುವುದು ಮಜವಾದ್ದರಿಂದ ಸಂಪಾದಕನೇ ಇಟ್ಟುಕೊಳ್ಳುತ್ತಾನೆ. ಆರಕ್ಕೇರದ ಮೂರಕ್ಕಿಳಿಯದ ಸರಕೆಲ್ಲ ಅಕ್ಕನಿಗೆ. ಓದುಗರು ಅವಳಿಗೆ ಸುಮಾರಕ್ಕ ಎಂದು ಹೆಸರಿಟ್ಟರು. ಅಕ್ಕನಿಗೆ ಬೇಸರವಾಗಲಿಲ್ಲ. "ಲೋಕದಲ್ಲಿ ಮುಕ್ಕಾಲು ಪಾಲು ಸುಮಾರೇ ಕಣೇ. ಯಾರಾದ್ರೂ ನೋಡ್ಕೋಬೇಕಲ್ಲ," ಎಂದಳು.

ನೋಡಿಕೊಂಡದ್ದೂ ಹಾಗೆಯೇ. ನನ್ನ ಎರಡು ವರ್ಷದ ಮಗಳು ಮಧ್ಯಾಹ್ನ ಮಲಗಿದ ಮೇಲೆ ಟಿವಿಯ ಸದ್ದು ತೆಗೆದು, ಸೊಂಟಕ್ಕೆ ದಿಂಬು ಕೊಟ್ಟು ಕೂರುತ್ತಿದ್ದಳು. ಬೇರೆಯವರು ಶತ್ರುವಿನ ಹಿಂದೆ ಓಡಿದರೆ ಇವಳು ಗೋಡೆಗಳನ್ನು ಮುಟ್ಟುತ್ತ ಅಂಚಿನಲ್ಲೇ ನಡೆಯುತ್ತಾಳೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು. ಒಂದು ಗೇಮಿನ ಬಗ್ಗೆ ಬರೆದಳು: "ಇಲ್ಲಿ ಭಾರೀ ಮಳೆ ಬರುತ್ತದೆ, ನಾಯಕ ಒದ್ದೆಯಾಗುವುದಿಲ್ಲ. ಅವನ ಹೆಂಡತಿ ಸಾಯುತ್ತಾಳೆ. ಕಣ್ಣು ಆಗಲೂ ಒದ್ದೆಯಾಗುವುದಿಲ್ಲ." ಇನ್ನೊಂದರ ಬಗ್ಗೆ: "ಒಬ್ಬನೇ ಮುದುಕ ನಾಲ್ಕು ಹಳ್ಳಿಗಳಲ್ಲಿ ನಾಲ್ಕು ಹೆಸರಿಟ್ಟುಕೊಂಡು ಕೂತಿದ್ದಾನೆ. ಇದು ವಿಮರ್ಶಕರಿಗಲ್ಲ, ಪೊಲೀಸರಿಗೆ ತಿಳಿಸಬೇಕಾದ ವಿಷಯ." ಅವಳದೊಂದೇ ನಿಯಮ: ಕೊನೆಯವರೆಗೆ ಆಡದೆ ಅಂಕ ಕೊಡುವುದಿಲ್ಲ.

ಆ ನಿಯಮಕ್ಕೆ ಪೆಟ್ಟು ಬಿದ್ದದ್ದು 'ಏಳು ಬೀಗ' ಬಂದಾಗ. ದೊಡ್ಡ ಕಂಪನಿಯ ಗೇಮ್. ಒಬ್ಬ ರಾಜಕುಮಾರಿ, ಒಂದು ಕೋಟೆ, ಏಳು ಬಾಗಿಲು, ಪ್ರತಿ ಬಾಗಿಲಿನ ಕೀಲಿಕೈ ಹುಡುಕಲು ಒಂದೊಂದು ಕಾಡು. ಶನಿವಾರ ಮಾರಾಟಕ್ಕೆ ಬರುವುದಿತ್ತು, ವಿಮರ್ಶಕರಿಗೆ ಮಾತ್ರ ಮೂರು ವಾರ ಮೊದಲೇ ಕಳಿಸಿದ್ದರು. ಬರೆಯಬೇಕಾದ ತರುಣ ಬೇರೆ ಕೆಲಸಕ್ಕೆ ಹಾರಿದ್ದರಿಂದ ಅದು ಅಕ್ಕನ ಪಾಲಿಗೆ ಬಂತು. ಅಷ್ಟರಲ್ಲಿ ಬೇರೆ ಕಡೆಗಳಲ್ಲಿ ಎಂಟೂವರೆ, ಎಂಟೂವರೆ ಎಂದು ಒಂದೇ ಅಂಕ ಬೀಳುತ್ತಿತ್ತು.

ಅಕ್ಕ ನಲವತ್ತೊಂದು ಗಂಟೆ ಆಡಿದಳು. ಏಳೂ ಕಾಡುಗಳಲ್ಲಿ ಮರ ಒಂದೇ, ಬಣ್ಣ ಬೇರೆ. ಒಂದು ಮಧ್ಯಾಹ್ನ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ.

"ಲೇ, ಬಾ ಇಲ್ಲಿ. ಇದನ್ನ ನೀನೊಂದ್ಸಲ ಒತ್ತು."

ಒತ್ತಿದೆ. ಏಳನೆಯ ಬಾಗಿಲ ಮೇಲೆ 'ಕೀಲಿಕೈ ಬೇಕು' ಎಂಬ ಅಕ್ಷರ ಮೂಡಿತು.

"ರಾಜಕುಮಾರಿ ಕೈಯಲ್ಲೇ ಇದೆಯಲ್ಲಕ್ಕ!"

"ಅದನ್ನ ಬಾಗಿಲಿಗೆ ಹೇಳು."

ತಾನೇ ಏನೋ ಬಿಟ್ಟಿರಬೇಕೆಂದು ಅಕ್ಕ ನಾಲ್ಕನೆಯ ಬೀಗದಿಂದ ಮತ್ತೆ ಆಡಿದಳು. ಅದೇ ಬಾಗಿಲು, ಅದೇ ಅಕ್ಷರ. ಮೂರನೆಯ ಸಲವೂ ಅಷ್ಟೇ. ಆಮೇಲೆ ಉಳಿದವರ ವಿಮರ್ಶೆಗಳನ್ನು ಒಂದೊಂದಾಗಿ ತೆಗೆದು ಓದಿದಳು. 'ಏಳನೆಯ ಬಾಗಿಲಾಚೆಯ ಬೆಳಕು ಹೃದಯ ಹಿಂಡುತ್ತದೆ' ಎಂದು ಒಬ್ಬ. 'ಆ ಬೆಳಕಿನಲ್ಲಿ ನಾನು ಅತ್ತೆ' ಎಂದು ಇನ್ನೊಬ್ಬ.

"ಅಳೋದಿರಲಿ, ಇವರು ಯಾವ ಕಿಟಕಿ ಹಾರಿದ್ರಂತೆ?" ಎಂದಳು ಅಕ್ಕ.

ಕಂಪನಿಗೆ ಪತ್ರ ಬರೆದಳು. ಗುರುವಾರ ಅಲ್ಲಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಕೋಟೆ ಕಟ್ಟಿದ ತಂಡದವಳಂತೆ.

"ನಮ್ಮ ಹತ್ರ ಕೊನೆ ಸರಿಯಾಗೇ ಬರುತ್ತೆ ಮೇಡಂ."

"ಬಾಗಿಲಿಂದ ಒಳಗೆ ಹೋಗಿ ನೋಡಿದ್ರಾ?"

"ನಾವು ಟೆಸ್ಟ್ ಮಾಡುವಾಗ ಒಂದು ಬಟನ್ ಇರುತ್ತೆ. ಒತ್ತಿದ್ರೆ ನೇರ ಒಳಗಿನ ಕೋಣೆಯಲ್ಲೇ ಇಳೀತೀವಿ. ಪ್ರತಿ ಸಲ ನಲವತ್ತು ಗಂಟೆ ಆಡೋಕಾಗುತ್ತಾ ಹೇಳಿ?"

"ಎಲ್ಲರೂ ಹಾಗೇ ಇಳಿದ್ರಾ?"

"ಹೌದು."

"ಎಷ್ಟು ಜನ ಇದ್ದೀರಿ?"

"ನೂರಹತ್ತು."

"ನೂರಹತ್ತು ಜನದಲ್ಲಿ ಒಬ್ಬರೂ ಬಾಗಿಲು ತಳ್ಳಿಲ್ವಾ ತಾಯಿ?"

"ಬಾಗಿಲಿನವರು ನೋಡಿರ್ತಾರೆ ಅಂದ್ಕೊಂಡ್ವಿ ಮೇಡಂ. ಪಾಪ, ಅವರು ಕೋಣೆಯವರು ನೋಡಿರ್ತಾರೆ ಅಂದ್ಕೊಂಡಿದ್ರಂತೆ."

ಅಕ್ಕನಿಗೆ ಸಿಟ್ಟು ಬರಲಿಲ್ಲ, ಹಳೆಯ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಅವಳ ಫ್ಯಾಕ್ಟರಿಯಿಂದ ಒಮ್ಮೆ ಸಾವಿರದಿನ್ನೂರು ಮಕ್ಕಳ ಅಂಗಿ ಹೋಗಿದ್ದವಂತೆ, ತಲೆಯೇ ತೂರದ ಕುತ್ತಿಗೆಯವು. ಬೇರೆ ಸಾಲಿನ ಮೂರು ಟೇಬಲ್ಲುಗಳಲ್ಲಿ ಅಳತೆಪಟ್ಟಿ ಹಿಡಿದು ನೋಡಿದ್ದರು, ಒಂದು ಮಗುವಿಗೂ ತೊಡಿಸಿ ನೋಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ಸಂಪಾದಕನ ಫೋನ್. ಅಕ್ಕ ನನ್ನ ಮಗಳಿಗೆ ಹಾಲು ಕುಡಿಸುತ್ತಿದ್ದಳು, ಹಾಗಾಗಿ ಸ್ಪೀಕರ್ ಹಾಕಿದೆ.

"ಅಕ್ಕಾ, ಏಳು ಕೊಟ್ಟು ಕೈ ತೊಳ್ಕೊಳ್ಳಿ. ಅವರ ಜಾಹೀರಾತು ನಮ್ಮ ಮುಖಪುಟದಲ್ಲೇ ಕೂತಿದೆ."

"ನಾನು ಕೊನೆ ನೋಡಿಲ್ಲ ಸರ್."

"ಅಯ್ಯೋ, ಕೊನೆ ಬಗ್ಗೆ ಎರಡು ಸಾಲು ಅವರೇ ಕಳಿಸಿದ್ದಾರಲ್ಲ. ಎಲ್ಲರಿಗೂ ಕಳಿಸಿದ್ದಾರೆ. ಬೆಳಕು, ಹೃದಯ ಅಂತೆಲ್ಲ ಇದೆ ನೋಡಿ. ಅದನ್ನೇ ಅಂಟಿಸಿದ್ರೆ ಸಾಕು."

ಹತ್ತಾರು ಜನ ಒಂದೇ ಬೆಳಕಿನಲ್ಲಿ ಅತ್ತದ್ದು ಹೇಗೆಂದು ಆಗ ಗೊತ್ತಾಯಿತು.

"ಅಂಟಿಸಲ್ಲ," ಎಂದಳು ಅಕ್ಕ.

"ಹಾಗಾದ್ರೆ ಅಂಕಣ ಬೇರೆಯವರ ಕೈಗೆ ಹೋಗುತ್ತೆ. ಬೇಜಾರ್ ಮಾಡ್ಕೋಬೇಡಿ. ಸಂಜೆ ತನಕ ಟೈಮಿದೆ."

ಫೋನ್ ಇಟ್ಟ ಮೇಲೆ ನನಗೇ ತಡೆಯಲಾಗಲಿಲ್ಲ. "ಕೊಟ್ಟುಬಿಡಕ್ಕ, ಏಳು. ಗೇಮ್ ತಾನೇ, ಯಾರ ಮನೆ ಮುಳುಗುತ್ತೆ?"

"ಗೇಮ್ ತಾನೇ ಅಂತ ನೂರಹತ್ತು ಜನ ಅಂದ್ಕೊಂಡಿದ್ದಕ್ಕೇ ಬಾಗಿಲು ತೆಗೀತಿಲ್ಲ."

"ನಿನಗಿರೋದು ಇದೊಂದು ಅಂಕಣ. ಇದೂ ಹೋದ್ರೆ ಮತ್ತೆ ಗೋಡೆ ನೋಡ್ಕೊಂಡು ಕೂರ್ತೀಯಾ? ಆ ಆರು ತಿಂಗಳು ನಾನು ನೋಡಿದೀನಿ, ನೀನು ಮರ್ತಿರಬಹುದು."

ಅಕ್ಕ ಮಗುವಿನ ಬಾಯಿ ಒರೆಸಿದಳು, ಲೋಟ ಕೆಳಗಿಟ್ಟಳು. "ಮರ್ತಿಲ್ಲ ಕಣೇ. ಆದ್ರೆ ಅದರ ಕೆಳಗೆ ನನ್ನ ಹೆಸರು ಹಾಕ್ತಾರಲ್ಲ."

ಮಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅಂದು ಮಧ್ಯಾಹ್ನ ಅವಳು ಎರಡೇ ಬೆರಳಿನಲ್ಲಿ ಟೈಪ್ ಮಾಡಿ ಕಳಿಸಿದಳು. ಅದರ ಕೊನೆ ಹೀಗಿತ್ತು: "ನಾನು ಬಾಗಿಲವರೆಗೆ ಮೂರು ಸಲ ಹೋಗಿದ್ದೇನೆ. ಅಷ್ಟು ಸಲ ಹೋಗಿದ್ದರೆ ಮುನಿಸಿಕೊಂಡ ನೆಂಟರೂ ಬಾಗಿಲು ತೆಗೆಯುತ್ತಿದ್ದರು. ಒಳಗೆ ಹೋಗಿ ಅತ್ತು ಬಂದವರು ದಯವಿಟ್ಟು ದಾರಿ ಹೇಳಬೇಕು. ಅಂಕ: ಬಾಗಿಲು ತೆರೆದ ಮೇಲೆ."

ಶನಿವಾರ ಅದು ಪ್ರಕಟವಾಯಿತು. ಕೊನೆಯ ಪ್ಯಾರಾ ಇರಲಿಲ್ಲ. ಅದರ ಜಾಗದಲ್ಲಿ ಬೆಳಕಿತ್ತು, ಹೃದಯವಿತ್ತು, ಹತ್ತಕ್ಕೆ ಏಳಿತ್ತು, ಕೆಳಗೆ ಅಕ್ಕನ ಹೆಸರಿತ್ತು. ಅಕ್ಕ ಎರಡು ಸಲ ಓದಿದಳು. ಅವಳ ಕಿವಿಯ ತುದಿ ಕೆಂಪಾದದ್ದನ್ನು ನಾನು ಅಂದೇ ಮೊದಲು ಕಂಡದ್ದು. ನಾನು ಬೈಗುಳ ಶುರು ಮಾಡುವುದರೊಳಗೆ ಅವಳು ಪುಟದ ಕೆಳಗೆ, ಓದುಗರು ಬರೆಯುವ ಜಾಗದಲ್ಲಿ ಬರೆದಾಗಿತ್ತು: "ಮೇಲಿನ ಕೊನೆಯ ಪ್ಯಾರಾ ಮತ್ತು ಅಂಕ ನನ್ನವಲ್ಲ. ಬಾಗಿಲು ತೆರೆಯುವುದಿಲ್ಲ. ಇಂತಿ ಸುಮಾರಕ್ಕ."

ಸಂಪಾದಕ ಅಳಿಸಿದ. ಇವಳು ಮತ್ತೆ ಹಾಕಿದಳು. ಅವನು ಮತ್ತೆ ಅಳಿಸಿದ. ಮೂರನೆಯ ಸಲ ನಾನೂ ಜೊತೆಗೆ ಕೂತು ಹಾಕಿದೆ. ಅಂಕಣ ಕೈತಪ್ಪಿತೆಂದು ಅಂದು ಸಂಜೆ ಎರಡು ಸಾಲಿನ ಸಂದೇಶ ಬಂತು. ಮಂಗಳವಾರದ ಹೊತ್ತಿಗೆ ಗೇಮ್ ಕೊಂಡವರಲ್ಲಿ ಚುರುಕಾದವರು ಏಳನೆಯ ಬಾಗಿಲಿಗೆ ಬಂದು ಮುಟ್ಟಿದರು. ಕೀಲಿಕೈ ಹಿಡಿದು ನಿಂತ ರಾಜಕುಮಾರಿಯರ ಚಿತ್ರಗಳು ಅಕ್ಕನ ಸಾಲಿನ ಕೆಳಗೆ ರಾಶಿ ಬಿದ್ದವು. ಅಳಿಸುವವನ ಕೈ ಸೋತಿತು. ಬೆಳಕಿನಲ್ಲಿ ಅತ್ತಿದ್ದ ವಿಮರ್ಶಕ ಸ್ಪಷ್ಟನೆ ಕೊಟ್ಟ: ಅತ್ತದ್ದು ಭಾವನಾತ್ಮಕ ಅರ್ಥದಲ್ಲಿ ಮಾತ್ರವಂತೆ.

ಎರಡು ವಾರದ ನಂತರ ಕಂಪನಿಯವರು ಬಾಗಿಲು ಸರಿಮಾಡಿದರು. ಅಕ್ಕ ಒಳಗೆ ಹೋದಳು. ನಾನೂ ನೋಡಲು ಕೂತೆ. ಖಾಲಿ ಕೋಣೆಯಲ್ಲಿ ಹೊಳೆಯುವ ಗಡ್ಡದ ಮುದುಕನೊಬ್ಬ, "ಮಗಳೇ, ನೀನು ನಡೆದ ದಾರಿಯೇ ನಿಧಿ" ಎಂದ. ಆಮೇಲೆ ನೂರಹತ್ತು ಹೆಸರು.

"ಮನೇಲಿ ಏನೂ ಇಲ್ಲ ಅನ್ನೋಕೆ ಇಷ್ಟು ದೂರ ಕರೆಸಿದ್ನಾ?" ಎಂದು ಅಕ್ಕ ಅಂಕ ಕೊಟ್ಟಳು: ನಾಲ್ಕು. ಅದನ್ನೂ ಅದೇ ಪುಟದ ಕೆಳಗೇ ಬರೆದಳು.

ಈಗ ಅಂಕಣ ಬರೆಯುವ ತರುಣ ಬಂದದ್ದಕ್ಕೆಲ್ಲ ಏಳು ಕೊಡುತ್ತಾನೆ. ಅಕ್ಕ ಅದೇ ಗೇಮನ್ನು ತಾನೇ ಕೊಂಡು ಆಡಿ, ಅವನ ಬರಹದ ಕೆಳಗೆ ತನ್ನದನ್ನು ಬರೆಯುತ್ತಾಳೆ. 'ಮೇಲಿನದು ಬಿಡಿ, ಕೆಳಗಿಳಿಯಿರಿ' ಎಂದು ಓದುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮೊನ್ನೆ ಸಂಪಾದಕನ ಫೋನ್ ಬಂತು. ದನಿಯಲ್ಲಿ ಬೆಣ್ಣೆ.

"ಅಕ್ಕಾ, ಆಗಿದ್ದು ಆಗ್ಹೋಯ್ತು. ವಾಪಸ್ ಬನ್ನಿ, ಅಂಕಣ ನಿಮ್ದೇ."

"ಬರ್ತೀನಿ. ಆ ಏಳು ತೆಗೆದುಬಿಡಿ."

"ಅದು ಹಳೇ ಪುಟ ಅಕ್ಕಾ. ಯಾರು ನೋಡ್ತಾರೆ ಈಗ?"

"ನಾನು ನೋಡ್ತೀನಿ."

ಯೋಚಿಸಿ ಹೇಳ್ತೀನಿ ಎಂದ. ಇವತ್ತು ಮಗಳು ಮಲಗಿದ ಮೇಲೆ ನಾನೇ ಹೋಗಿ ನೋಡಿದೆ, ಏಳು ಹಾಗೇ ಇದೆ. ಮುಂದಿನ ಕೋಣೆಯಲ್ಲಿ ಅಕ್ಕ ಎರಡು ಬೆರಳಿನಲ್ಲಿ ಹೊಸದೊಂದು ಗೇಮಿನ ಬಗ್ಗೆ ಕುಟ್ಟುತ್ತಿದ್ದಳು: "ಕುದುರೆ ಚೆನ್ನಾಗಿದೆ. ಮೇಲೆ ಕೂತವನು ಬೇಡವಾಗಿತ್ತು."